ಪ್ಲಗ್ ಲೆಕ್ಕದ ಮೇಡಂ

ನಮ್ಮ ಕಾರ್ಖಾನೆಯಲ್ಲಿ ಹೆಂಗಸರಿಗೆ ಬರವಿರಲಿಲ್ಲ. ಅಕೌಂಟ್ಸಿನವರು, ಸ್ಟೋರ್ಸಿನವರು, ಇನ್‌ಸ್ಪೆಕ್ಷನ್ನಿನವರು, ಎಲ್ಲರಿಗೂ ಹೆಸರಿನ ಜೊತೆ ಒಂದು ಮೇಡಂ ಅಂಟಿಕೊಂಡಿರುತ್ತಿತ್ತು. ಹೆಸರಿಲ್ಲದೆ ಬರೀ ‘ಮೇಡಂ’ ಅಂದರೆ ಮಾತ್ರ ಅವರೊಬ್ಬರೇ. ಅವರು ತೀರಿಕೊಂಡು ಒಂದು ತಿಂಗಳಾಯಿತು. ಈಗಲೂ ಅವರ ಹೆಸರು ಬರೆಯಲು ಕೈ ಓಡುವುದಿಲ್ಲ. ಮೇಡಂ ಎಂದೇ ಬರೆಯುತ್ತೇನೆ.

ಸೀರೆಯ ಕೆಳಗೆ ಸೇಫ್ಟಿ ಶೂ ಹಾಕಿಕೊಂಡ ಹೆಂಗಸನ್ನು ನಾನು ಮೊದಲು ನೋಡಿದ್ದು ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಕೆಲಸಕ್ಕೆ ಸೇರಿದ ದಿನ. ಇಸ್ತ್ರಿ ಮಾಡಿದ ಕಾಟನ್ ಸೀರೆ, ಸೆರಗಿಗೆ ಪಿನ್ನು, ಕೈಯಲ್ಲಿ ಗಂಡಸರ ದೊಡ್ಡ ವಾಚು, ಕಾಲಲ್ಲಿ ದಪ್ಪ ಕರಿ ಬೂಟು. ಅದೇ ಬೂಟಿನಲ್ಲಿ ಒಂದು ಸಲ ಸಹೋದ್ಯೋಗಿಯ ಮಗಳ ಆರತಕ್ಷತೆಗೂ ಬಂದುಬಿಟ್ಟಿದ್ದರು. ಅವರು ಹತ್ತಿದಾಗ ವೇದಿಕೆಯ ಹಲಗೆ ದಡದಡ ಸದ್ದು ಮಾಡಿತು. ನಾವೆಲ್ಲ ನಕ್ಕೆವು. "ಏನ್ ಮಾಡ್ಲಿ, ಮನೆಗೆ ಹೋಗಿ ಚಪ್ಪಲಿ ಹಾಕ್ಕೊಂಡು ಬರೋಷ್ಟರಲ್ಲಿ ಊಟ ಮುಗಿದಿರುತ್ತೆ," ಎಂದರು. ಊಟದ ವಿಷಯದಲ್ಲಿ ಅವರಿಗೆ ನಾಚಿಕೆ ಇರಲಿಲ್ಲ.

ಅವರ ಕೆಲಸ ಏನೆಂದು ಹೇಳದೆ ಅವರ ಬಗ್ಗೆ ಹೇಳಲು ಬರುವುದಿಲ್ಲ. ನಾವು ಟ್ರ್ಯಾಕ್ಟರುಗಳಿಗೆ ಅಲ್ಯೂಮಿನಿಯಂ ಬ್ಲಾಕ್ ಮಾಡಿಕೊಡುತ್ತೇವೆ. ನೋಡಲು ಒಂದು ಇಟ್ಟಿಗೆಯ ಹಾಗಿರುತ್ತದೆ. ಅದರ ಹೊಟ್ಟೆಯೊಳಗೆ ಎಣ್ಣೆ ಹರಿಯಲು ಸಣ್ಣ ಸಣ್ಣ ದಾರಿಗಳಿರುತ್ತವೆ. ಆ ದಾರಿ ಕೊರೆಯಬೇಕಾದರೆ ಡ್ರಿಲ್ಲು ಹೊರಗಿನಿಂದಲೇ ಒಳಗೆ ಹೋಗಬೇಕು. ಕೊರೆದಾದ ಮೇಲೆ ಹೊರಗಿನ ಬಾಯಿ ಬೇಡ. ಅದನ್ನು ಮುಚ್ಚಲು ಒಂದು ಉಕ್ಕಿನ ಪ್ಲಗ್ಗನ್ನು ಪ್ರೆಸ್ಸಿನಲ್ಲಿಟ್ಟು ಒತ್ತಿ ಕೂರಿಸುತ್ತಾರೆ. ಪ್ಲಗ್ಗು ತೂತಿಗಿಂತ ಒಂದು ಚೂರು, ಕೂದಲೆಳೆಯಷ್ಟೂ ಇಲ್ಲ, ಹೆಚ್ಚು ದಪ್ಪವಿರುತ್ತದೆ, ಆ ಬಿಗಿಯೇ ಅದನ್ನು ಹಿಡಿದಿಡುವುದು. ಅಂಟಿಲ್ಲ, ತಿರುಪಿಲ್ಲ. ಕಡಿಮೆ ಬಲದಲ್ಲಿ ಕೂತರೆ ಎಣ್ಣೆಯ ಒತ್ತಡಕ್ಕೆ ಒಂದು ದಿನ ಪ್ಲಗ್ಗು ಹಾರಿಹೋಗುತ್ತದೆ. ಜಾಸ್ತಿ ಬಲ ಬೇಕಾಯಿತೆಂದರೆ ತೂತಿನ ಗೋಡೆ ಸೀಳುತ್ತದೆ. ಎಷ್ಟು ಬಲ ಬೇಕೆಂದು ಮೊದಲೇ ಅಂದಾಜು ಮಾಡಿ ಪ್ರೆಸ್ಸಿಗೆ ಮಿತಿ ಕಟ್ಟಿಕೊಡುವುದು ಮೇಡಂ ಕೆಲಸ.

ಹೊಸದರಲ್ಲಿ ನಾನು ಕಾಲೇಜಿನಲ್ಲಿ ಕಲಿತ ಸೂತ್ರವನ್ನು ಅವರಿಗೆ ಒಪ್ಪಿಸಿದ್ದೆ. ಪೂರ್ತಿ ಕೇಳಿಸಿಕೊಂಡರು.

"ಸೂತ್ರ ಸರಿ ಇದೆ. ಅಂಗಡೀಲಿ ಕೂತು ಗಾಜಿನ ಬಳೆ ತೊಡಿಸ್ಕೊಂಡಿದೀಯಾ ಯಾವತ್ತಾದ್ರೂ?"

"ಚಿಕ್ಕವಳಿದ್ದಾಗ, ಮೇಡಂ."

"ಕೈ ಎಷ್ಟು ದಪ್ಪ, ಬಳೆ ಎಷ್ಟು ಸಣ್ಣ ಅನ್ನೋದು ಒಂದು. ಗಾಜು ಎಷ್ಟು ತಡ್ಕೊಳುತ್ತೆ ಅನ್ನೋದು ಇನ್ನೊಂದು. ಸೋಪ್ ಹಚ್ಚಿದಾರೋ, ಒಣ ಕೈಯೋ. ಎಷ್ಟುದ್ದ ಉಜ್ಕೊಂಡು ಹೋಗ್ಬೇಕು. ಇಷ್ಟು ಗೊತ್ತಾದ್ರೆ ಬಳೆ ತೊಡ್ಸೋಳು ಎಷ್ಟು ಒತ್ತಬೇಕು ಅಂತ ಹೇಳ್ಬಹುದು. ನಿನ್ನ ಸೂತ್ರದಲ್ಲೂ ಇರೋದು ಇಷ್ಟೇ ಕಣೇ. ಪ್ಲಗ್ಗು ಕೈ, ತೂತಿನ ಗೋಡೆ ಬಳೆ. ಬಳೆ ಕಡೆಯಿಂದ ಯೋಚನೆ ಮಾಡೋದು ಕಲಿ. ಕೈ ಕಡೆಯಿಂದ ಎಲ್ಲಾರೂ ಮಾಡ್ತಾರೆ."

ಅಂದಾಜು ಎನ್ನುವ ಮಾತನ್ನು ಯಾರಾದರೂ ಹಗುರವಾಗಿ ಆಡಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಬಾಯಿಗೆ ಬಂದಿದ್ದನ್ನು ಹೇಳುವುದು ಅಂದಾಜಲ್ಲ ಎನ್ನುತ್ತಿದ್ದರು. ಒಂದು ತೂತು ಇನ್ನೊಂದರ ಹಾಗೆ ಇರುವುದಿಲ್ಲ, ಒಂದು ಪ್ಲಗ್ಗು ಇನ್ನೊಂದರ ಹಾಗೆ ಇರುವುದಿಲ್ಲ. ದೊಡ್ಡ ತೂತಿಗೆ ಸಣ್ಣ ಪ್ಲಗ್ಗು, ಮೇಲೆ ಚೆನ್ನಾಗಿ ಎಣ್ಣೆ, ಅಲ್ಲಿಗೆ ಅತಿ ಕಡಿಮೆ ಬಲ. ಸಣ್ಣ ತೂತಿಗೆ ದಪ್ಪ ಪ್ಲಗ್ಗು, ಎಣ್ಣೆ ಒಣಗಿದೆ, ಅಲ್ಲಿಗೆ ಅತಿ ಹೆಚ್ಚು. ಹಾಗಾಗಿ ಅವರು ಯಾವಾಗಲೂ ಎರಡು ಅಂಕಿ ಕೊಡುತ್ತಿದ್ದರು. ಇದಕ್ಕಿಂತ ಕೆಳಗೆ ಹೋದರೂ ತಪ್ಪು, ಇದಕ್ಕಿಂತ ಮೇಲೆ ಹೋದರೂ ತಪ್ಪು. "ಒಂದೇ ನಂಬರ್ ಹೇಳೋರು ಒಂದೋ ಜ್ಯೋತಿಷಿಗಳು, ಇಲ್ಲಾ ಸೇಲ್ಸ್‌ನವರು," ಎನ್ನುತ್ತಿದ್ದರು.

ಅಭ್ಯಾಸ ಮನೆಗೂ ಹೋಗಿತ್ತು. ಅವರ ಗಂಡ ಬ್ಯಾಂಕಿನಿಂದ ಬೇಗ ನಿವೃತ್ತಿ ತೆಗೆದುಕೊಂಡು ಬಸವೇಶ್ವರನಗರದ ಮನೆಯಲ್ಲಿ ಅಡುಗೆ ವಹಿಸಿಕೊಂಡಿದ್ದರು. ಸಂಜೆ ಅವರ ಫೋನು ಬರುತ್ತಿತ್ತು. ಈ ಕಡೆಯ ಮಾತು ನಮಗೆಲ್ಲ ಕೇಳುತ್ತಿತ್ತು. "ಏಳಕ್ಕಿಂತ ಮುಂಚೆ ಬರಲ್ಲ ರೀ, ಏಳೂ ಮುಕ್ಕಾಲು ದಾಟಿಸಲ್ಲ. ಆ ಮಧ್ಯದಲ್ಲಿ ಯಾವಾಗ ಬೇಕಾದ್ರೂ ಒಗ್ಗರಣೆ ಹಾಕಿ." ಅವರ ಡಬ್ಬಿಯಲ್ಲಿ ಬರುತ್ತಿದ್ದ ಅವರೆಕಾಳು ಉಪ್ಪಿಟ್ಟಿಗೆ ಇಡೀ ಇಂಜಿನಿಯರಿಂಗ್ ವಿಭಾಗ ಕಾಯುತ್ತಿತ್ತು. ಯಾರಾದರೂ ಹೊಗಳಿದರೆ "ನನಗೆ ಹೇಳ್ಬೇಡಿ, ನನಗೆ ಕಾಫಿ ಕೂಡ ಸರಿಯಾಗಿ ಬರಲ್ಲ. ಅವ್ರಿಗೇ ಹೇಳಿ," ಎಂದು ಅಲ್ಲೇ ಗಂಡನಿಗೆ ಫೋನು ಹಚ್ಚಿ ಕೈಗೆ ಕೊಟ್ಟುಬಿಡುತ್ತಿದ್ದರು. ಗುರುತಿಲ್ಲದ ಯಜಮಾನರೊಬ್ಬರಿಗೆ ಉಪ್ಪಿಟ್ಟು ಚೆನ್ನಾಗಿತ್ತೆಂದು ನಾನೂ ತಡವರಿಸಿ ಹೇಳಿದ್ದೇನೆ.

ಮೈಕ್ರೋಮೀಟರನ್ನು ಬರಿ ಮೇಜಿನ ಮೇಲಿಟ್ಟವರಿಗೆ ಅವರಿಂದ ಬೈಗುಳ ತಪ್ಪಿದ್ದಲ್ಲ. ಕರ್ಚೀಫು ಹಾಸಿ ಅದರ ಮೇಲಿಡಬೇಕು. ಬೈದ ಮೇಲೆ ಸ್ವಲ್ಪ ಹೊತ್ತಿಗೆ ಅವರೇ ಬಂದು "ಟೀ ಕುಡಿದ್ಯಾ?" ಎಂದು ಕೇಳುತ್ತಿದ್ದರು. ಅವರು ಡಿಪ್ಲೊಮಾ ಓದುವಾಗ ಮೆಕ್ಯಾನಿಕಲ್ ತರಗತಿಗೆಲ್ಲ ಅವರೊಬ್ಬರೇ ಹುಡುಗಿಯಂತೆ. ವರ್ಕ್‌ಶಾಪಿನ ಮೇಷ್ಟರು, ನೀನು ಹಾಜರಿ ಹಾಕಿಸಿಕೊಂಡು ಮೂಲೆಯಲ್ಲಿ ಕೂತಿರಮ್ಮ, ಅರ, ಸುತ್ತಿಗೆ ಹಿಡಿಯುವುದೆಲ್ಲ ಬೇಡ ಅಂದಿದ್ದರಂತೆ. "ಪಾಪ, ಒಳ್ಳೇ ಮನಸ್ಸಿಂದಲೇ ಹೇಳಿದ್ರು. ಅದಕ್ಕೇ ಜಾಸ್ತಿ ಕೋಪ ಬಂತು," ಎಂದಿದ್ದರು ನನ್ನ ಹತ್ತಿರ.

ಇಷ್ಟೇ ಆಗಿದ್ದರೆ ಅವರು ನನಗೆ ಒಬ್ಬ ಒಳ್ಳೆಯ ಹಿರಿಯ ಸಹೋದ್ಯೋಗಿಯಾಗಿ ಉಳಿಯುತ್ತಿದ್ದರು. ಆಮೇಲೆ ಆದದ್ದನ್ನು ಹೇಳಬೇಕೆಂದೇ ಇದನ್ನು ಬರೆಯಲು ಕೂತದ್ದು.

ಆ ವರ್ಷ ಒಂದು ಗಿರಾಕಿ ಕಂಪನಿಯಿಂದ ನಮ್ಮ ಬ್ಲಾಕುಗಳು ವಾಪಸು ಬಂದವು. ಪ್ಲಗ್ಗಿನ ಪಕ್ಕದಲ್ಲಿ ಕಣ್ಣಿಗೆ ಕಾಣುವುದೋ ಇಲ್ಲವೋ ಎನ್ನುವಂಥ ಬಿರುಕು, ಅದರಿಂದ ಎಣ್ಣೆ ಜಿನುಗುತ್ತಿತ್ತು. ಆ ಪ್ಲಗ್ಗುಗಳನ್ನು ಕೂರಿಸುತ್ತಿದ್ದವಳು ರತ್ನ. ಲಗ್ಗೆರೆಯವಳು, ನನಗಿಂತ ಸ್ವಲ್ಪ ದೊಡ್ಡವಳು, ಹೆಚ್ಚು ಮಾತಿಲ್ಲ. ಪ್ರೊಡಕ್ಷನ್ ಮ್ಯಾನೇಜರು ಎಲ್ಲರನ್ನೂ ಪ್ರೆಸ್ಸಿನ ಮುಂದೆ ಸೇರಿಸಿದರು. ಪ್ಲಗ್ಗನ್ನು ಓರೆಯಾಗಿಟ್ಟು ಒತ್ತಿದ್ದಕ್ಕೇ ಹೀಗಾಗಿದೆ ಅಂದರು.

"ಮೀಟರ್ ಮಿತಿ ದಾಟಿಲ್ಲ ಸಾರ್," ಎಂದಳು ರತ್ನ. "ದಾಟಿದ್ರೆ ಮಿಷನ್ನೇ ನಿಂತೋಗುತ್ತೆ. ನಾನು ನೆಟ್ಟಗೇ ಇಟ್ಟಿದೀನಿ."

"ಮತ್ತೆ ಬ್ಲಾಕ್ ತಾನಾಗೇ ಸೀಳ್ತಾ? ಕೆಲಸದ ಮೇಲೆ ಗಮನ ಇಲ್ದೇ ಇದ್ರೆ ಮನೇಲಿರಿ. ನಾಳೆಯಿಂದ ಬರೋದು ಬೇಡ."

ಅಲ್ಲಿ ನಾನೂ ಇದ್ದೆ, ಮೇಡಮ್ಮೂ ಇದ್ದರು. ಮೇಡಂ ಕೈಯಲ್ಲಿ ಒಂದು ಬಿರುಕು ಬಿಟ್ಟ ಬ್ಲಾಕು ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು, ಏನೂ ಹೇಳಲಿಲ್ಲ. ರತ್ನ ಒಮ್ಮೆ ಅವರ ಕಡೆ ನೋಡಿದಳು. ಆಮೇಲೆ ಏಪ್ರನ್ ಬಿಚ್ಚಿ ಪ್ರೆಸ್ಸಿನ ಮೇಲೆ ಮಡಿಸಿಟ್ಟು ಹೊರಟುಹೋದಳು.

ಮೇಡಂ ಆ ಬ್ಲಾಕುಗಳನ್ನು ಒಂದೊಂದಾಗಿ ಅಡ್ಡಕ್ಕೆ ಕತ್ತರಿಸಿ ನೋಡತೊಡಗಿದರು. ಪ್ಲಗ್ಗು ಓರೆಯಾಗಿ ಹೋಗಿದ್ದರೆ ತೂತಿನ ಒಂದು ಪಕ್ಕ ಗೀರಿರಬೇಕಿತ್ತು. ಗೀರಿರಲಿಲ್ಲ, ಕನ್ನಡಿಯ ಹಾಗಿತ್ತು. ಬಿರುಕುಗಳೂ ಮನಬಂದಂತೆ ಇರಲಿಲ್ಲ, ಎಲ್ಲವೂ ಒಂದೇ ಪಕ್ಕಕ್ಕೆ ಇದ್ದವು. ಕೆಲವು ದಿನ ಅವರ ಮುಖದಲ್ಲಿ ನಗುವಿರಲಿಲ್ಲ, ಡಬ್ಬಿ ಹಾಗೇ ವಾಪಸು ಹೋಗುತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ ಆ ಬ್ಲಾಕಿನ ಹಳೇ ನಕ್ಷೆಯನ್ನೂ ಹೊಸ ನಕ್ಷೆಯನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಬೆಳಕಿನಲ್ಲಿ ಎರಡರ ಗೆರೆಯೂ ಕಂಡಿತು. ಬ್ಲಾಕನ್ನು ಟ್ರ್ಯಾಕ್ಟರಿಗೆ ಬಿಗಿಯುವ ಬೋಲ್ಟಿನ ತೂತನ್ನು ಗಿರಾಕಿಯವರು ಸ್ವಲ್ಪ ಸರಿಸಿದ್ದರು. ಆ ತೂತು ಪ್ಲಗ್ಗಿನ ತೂತಿನ ಹತ್ತಿರಕ್ಕೆ ಬಂದಿತ್ತು. ಎರಡರ ನಡುವಿನ ಗೋಡೆ ತೆಳ್ಳಗಾಗಿತ್ತು.

ಮೇಡಂ ಕನ್ನಡಕ ತೆಗೆದು ಕುರ್ಚಿಯಲ್ಲಿ ಕೂತರು.

"ಇದು ನನ್ನದು ಕಣೇ," ಎಂದರು.

ಹೊಸ ನಕ್ಷೆಗೆ ಒಪ್ಪಿಗೆಯ ಸಹಿ ಅವರದಿತ್ತು. ತೂತಿನ ಸುತ್ತ ಗೋಡೆ ಎಲ್ಲ ಕಡೆ ಒಂದೇ ದಪ್ಪ ಎಂದುಕೊಂಡು ಮಾಡಿದ್ದ ಹಳೇ ಲೆಕ್ಕವನ್ನೇ ಅವರು ಮುಂದುವರಿಸಿದ್ದರು. ಮಿತಿಯ ಮೇಲಿನ ಅಂಕಿ ಈಗಿನ ತೆಳು ಗೋಡೆಗೆ ಹೆಚ್ಚಾಗಿತ್ತು. ರತ್ನ ಮಿತಿಯೊಳಗೇ ಒತ್ತಿದ್ದಳು, ಮಿತಿಯೇ ತಪ್ಪಾಗಿತ್ತು.

ಆ ಸಹಿ ಬಿದ್ದ ದಿನಗಳು ನನಗೆ ನೆನಪಿದ್ದವು. ನಾನಾಗ ಪೀಣ್ಯದ ಇನ್ನೊಂದು ಘಟಕಕ್ಕೆ ಹೋಗಿದ್ದೆ. ಮೇಡಂ ಗಂಡನಿಗೆ ಹೃದಯದ ಆಪರೇಷನ್ ಆಗಿತ್ತು. ಅವರು ಆಸ್ಪತ್ರೆಯ ಬೆಂಚಿನಲ್ಲಿ ಮಲಗಿ, ಬೆಳಗ್ಗೆ ಅಲ್ಲಿಂದಲೇ ಕೆಲಸಕ್ಕೆ ಬರುತ್ತಿದ್ದರು.

"ಮೇಡಂ, ಮಾಲೀಕರಿಗೆ ಅದನ್ನ ಹೇಳಿ. ಯಾರಾದ್ರೂ ಅರ್ಥ ಮಾಡ್ಕೋತಾರೆ," ಎಂದೆ.

"ಹೇಳಿದ್ರೆ ಪಾಪ ಅಂತಾರೆ. ಪಾಪ ಅನ್ನಿಸ್ಕೊಂಡ್ ಮೇಲೆ ನನ್ನ ಸಹಿಗೆ ಏನು ಬೆಲೆ? ನೀನೂ ಎಲ್ಲೂ ಬಾಯಿ ಬಿಡಬೇಡ."

ಅವರಿರುವವರೆಗೂ ನಾನು ಬಾಯಿ ಬಿಡಲಿಲ್ಲ.

ಮಾಲೀಕರು ಕೆಟ್ಟವರಲ್ಲ. ನಕ್ಷೆ ಬದಲಾದ ವಿಷಯ ಸರಿಯಾಗಿ ತಲುಪಲಿಲ್ಲ ಎಂದು ಗಿರಾಕಿಗೆ ಬರೆಯೋಣ, ಆ ಹುಡುಗಿಯನ್ನು ಸುಮ್ಮನೆ ವಾಪಸು ಕರೆಸೋಣ, ನಿಮ್ಮ ಹೆಸರೇಕೆ ಅಂದರು. ನಕ್ಷೆ ತಲುಪಿತ್ತು ಸಾರ್, ನಾನೇ ನೋಡಲಿಲ್ಲ ಅಂದರು ಮೇಡಂ. ವರದಿಯಲ್ಲಿ ಹಾಗೇ ಬರೆದರು. ಅಂದೇ ಸಂಜೆ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಲಗ್ಗೆರೆಗೆ ಹೊರಟರು. "ನನಗೆ ಮನೆ ಗೊತ್ತಿಲ್ಲ, ನೀನು ಒಂದ್ಸಲ ಹೋಗಿದ್ಯಲ್ಲ," ಅಂದರು. ಮನೆ ಗೊತ್ತಿಲ್ಲದ್ದೊಂದೇ ಕಾರಣವಲ್ಲವೆಂದು ನನಗೆ ಅನಿಸಿತು.

ರತ್ನಳ ಮನೆ ಒಂದು ಸಣ್ಣ ಅಡ್ಡರಸ್ತೆಯಲ್ಲಿ, ಮೂರನೇ ಮಹಡಿಯಲ್ಲಿತ್ತು. ಬಾಗಿಲು ತೆಗೆದೇ ಇತ್ತು. ರತ್ನ ನೆಲದ ಮೇಲೆ ಕೂತು ಯಾವುದೋ ಅಂಗಡಿಗೆ ಕಾಕಡ ಹೂ ಕಟ್ಟಿಕೊಡುತ್ತಿದ್ದಳು. ಅವಳ ಅತ್ತೆ ಮಂಚದ ಮೇಲಿದ್ದರು. ನಮ್ಮನ್ನು ನೋಡಿ ರತ್ನ ಏಳಲಿಲ್ಲ, ದಾರ ಕೈಯಲ್ಲೇ ಇತ್ತು.

"ಬನ್ನಿ ಮೇಡಂ," ಎಂದಳು. ದನಿಯಲ್ಲಿ ಏನೂ ಇರಲಿಲ್ಲ.

ಅತ್ತೆ ಕುರ್ಚಿ ತೋರಿಸಿದರು. ಮೇಡಂ ಬಾಗಿಲಲ್ಲಿ ಬೂಟು ಬಿಚ್ಚಿ ಬಂದು, ಮೊಣಕಾಲು ನೋವಿದ್ದರೂ, ಹೂವಿನ ಬುಟ್ಟಿಯ ಆಚೆ ನೆಲದ ಮೇಲೇ ಕೂತರು.

"ತಪ್ಪು ನಿಂದಲ್ಲ ರತ್ನ. ನಂದು. ನಾನು ಕೊಟ್ಟ ಮಿತೀನೇ ತಪ್ಪಿತ್ತು. ನೀನು ನೆಟ್ಟಗೇ ಇಟ್ಟಿದ್ದೆ, ಕತ್ತರಿಸಿ ನೋಡಿದೆ. ಅವತ್ತು ಅವರು ಬೈವಾಗ ನಾನು ಅಲ್ಲೇ ಇದ್ದೆ. ಇರಿ, ಪರೀಕ್ಷೆ ಮಾಡದೇ ಹೇಳ್ಬೇಡಿ ಅಂತಾನಾದ್ರೂ ಅನ್ನಬಹುದಿತ್ತು. ಅನ್ನಲಿಲ್ಲ. ಅದೂ ನಂದೇ ತಪ್ಪು. ತಪ್ಪಾಯ್ತು."

ರತ್ನ ಒಂದು ಗಂಟು ಬಿಗಿದು, ಇನ್ನೆರಡು ಹೂ ಇಟ್ಟು, ಇನ್ನೊಂದು ಗಂಟು ಹಾಕಿದಳು. ಮಂಚದ ಮೇಲಿದ್ದ ಅತ್ತೆಯೇ ಮಾತು ತೆಗೆದರು. "ಕೆಲಸ ಕಳ್ಕೊಂಡು ಬಂದ್ಲು ಅಂತ ಬೀದಿಯೋರೆಲ್ಲ ಒಂದೊಂದು ಅಂದ್ರು ಕಣಮ್ಮ. ನಾನೂ ಅಂದೆ. ಏನೋ ಮಾಡ್ಕೊಂಡಿರ್ಬೇಕು ಅಂತ."

"ನೀವು ಸುಮ್ನಿರಿ ಅತ್ತೆ," ಎಂದಳು ರತ್ನ. ಆಮೇಲೆ ಮೇಡಂ ಮುಖ ನೋಡಿದಳು. "ಇಲ್ಲಿ ಬಂದು ಹೇಳಿದ್ರೆ ಏನು ಬಂತು ಮೇಡಂ? ನನ್ನ ಬೈದಿದ್ದು ಪ್ರೆಸ್ ಮುಂದೆ, ಎಲ್ಲಾರ ಎದುರಿಗೆ. ಅವರ್ಯಾರಿಗೂ ಇದು ಗೊತ್ತಾಗಲ್ವಲ್ಲ. ನಾನು ವಾಪಸ್ ಬಂದ್ರೆ, ಕಾಲು ಹಿಡ್ಕೊಂಡು ಬಂದ್ಲು ಅಂತಾರೆ."

ನನಗೆ ಅವಳ ಮೇಲೆ ಸಣ್ಣ ಕೋಪವೇ ಬಂತು. ಇಷ್ಟು ದೊಡ್ಡವರು ನೆಲದ ಮೇಲೆ ಕೂತು ಕೇಳಿದ ಮೇಲೂ ಇದೇನು ಅನಿಸಿತು. ಮೇಡಮ್ಮಿಗೆ ಹಾಗೇನೂ ಅನಿಸಿದಂತೆ ಕಾಣಲಿಲ್ಲ. ತಲೆಯಾಡಿಸಿದರು.

"ನಿಜ. ಅಲ್ಲೇ ಹೇಳ್ಬೇಕು. ನಾಳೆ ಬಾ. ಬೆಳಗ್ಗೆ ಟೀ ಹೊತ್ತಿಗೆ ಬಂದ್ರೆ ಸಾಕು."

ಏಳಲು ಹೋದಾಗ ಅವರ ಮೊಣಕಾಲು ಹಿಡಿದುಕೊಂಡಿತು. ನಾನು ಕೈ ಕೊಡುವಷ್ಟರಲ್ಲಿ ರತ್ನ ಹೂ ಬಿಟ್ಟು ಎದ್ದು ಅವರ ತೋಳು ಹಿಡಿದಿದ್ದಳು.

ಮಾರನೇ ಬೆಳಗ್ಗೆ ಟೀಗೆ ಬಿಟ್ಟಾಗ ಮೇಡಂ ಪ್ರೆಸ್ಸಿನ ಹತ್ತಿರ ಬಂದು ಎಲ್ಲರನ್ನೂ ಕರೆದರು. ರತ್ನ ಶೆಡ್ಡಿನ ಬಾಗಿಲ ಬಳಿ ಚೀಲ ಹಿಡಿದು ನಿಂತಿದ್ದಳು, ಒಳಗೆ ಬಂದಿರಲಿಲ್ಲ. ಮೇಡಂ ಕೈಯಲ್ಲಿ ಕತ್ತರಿಸಿದ ಬ್ಲಾಕಿತ್ತು. ಅದನ್ನು ಎತ್ತಿ ಹಿಡಿದು ತೆಳು ಗೋಡೆ ತೋರಿಸಿದರು.

"ಇಲ್ಲಿ ನೋಡಿ. ಇಲ್ಲಿ ಜಾಗ ಇಷ್ಟೇ ಇದೆ. ನಾನು ಇದನ್ನ ನೋಡದೆ ಸಹಿ ಹಾಕಿದೆ. ಪ್ರೆಸ್‌ಗೆ ಕೊಟ್ಟ ಮಿತಿ ನಂದು, ತಪ್ಪೂ ನಂದು. ರತ್ನ ಅವರು ಮಾಡಿದ ಕೆಲಸದಲ್ಲಿ ಒಂದೇ ಒಂದು ತಪ್ಪೂ ಸಿಗಲಿಲ್ಲ. ಅವರ ಮೇಲೆ ಅಪವಾದ ಬಂದಾಗ ನಾನು ಸುಮ್ನೆ ನಿಂತಿದ್ದೆ. ಅದಕ್ಕೆ ನಿಮ್ಮೆಲ್ಲರ ಎದುರಿಗೆ ಅವರ ಹತ್ರ ಕ್ಷಮೆ ಕೇಳ್ತಾ ಇದೀನಿ."

ಅಷ್ಟು ವರ್ಷದಲ್ಲಿ ಅವರು ರತ್ನಳಿಗೆ ಬಹುವಚನ ಹಚ್ಚಿದ್ದನ್ನು ನಾನು ಕೇಳಿರಲಿಲ್ಲ. ಟೀ ಲೋಟಗಳು ಕೈಯಲ್ಲೇ ಆರಿದವು. ಪ್ರೊಡಕ್ಷನ್ ಮ್ಯಾನೇಜರು ಮೊಬೈಲು ನೋಡುತ್ತ ನಿಂತಿದ್ದವರು ಅದನ್ನು ಜೇಬಿಗಿಟ್ಟು, "ನಾನೂ ದುಡುಕಿದೆ," ಎಂದು ಯಾರಿಗೂ ಸರಿಯಾಗಿ ಕೇಳದ ಹಾಗೆ ಅಂದರು. ರತ್ನ ಒಳಗೆ ಬಂದಳು. ಏಪ್ರನ್ ಅವಳು ಇಟ್ಟಲ್ಲಿ ಇರಲಿಲ್ಲ, ಯಾರೋ ಎತ್ತಿಟ್ಟಿದ್ದರು. ಅದನ್ನು ಹುಡುಕಿ ತಂದುಕೊಟ್ಟವರು ಮ್ಯಾನೇಜರೇ.

ಆಮೇಲೆ ಹೊಸ ಮಿತಿ ಕಟ್ಟುವ ಕೆಲಸ. ಮೇಡಂ ತೆಳು ಗೋಡೆಯನ್ನು ಹಿಡಿದು ಹೊಸದಾಗಿ ಲೆಕ್ಕ ಮಾಡಿದರು. ಗೋಡೆ ಎಷ್ಟು ಬಲಕ್ಕೆ ಸೀಳಬಹುದೆಂದು ಎರಡು ಅಂಕಿ ಹೇಳಿದರು. ಆಮೇಲೆ ಬೇಕೆಂದೇ ಕೆಲವು ಬ್ಲಾಕುಗಳನ್ನು ಒಡೆಯಬೇಕಿತ್ತು. ಇದನ್ನು ರತ್ನಳೇ ಮಾಡಬೇಕೆಂದು ಮೇಡಂ ಹಟ ಹಿಡಿದರು. ದಪ್ಪ ಪ್ಲಗ್ಗುಗಳನ್ನು ಆರಿಸಿ ಇಟ್ಟೆವು. ಮೂವರೂ ಮೀಟರಿನ ಮುಂದೆ ನಿಂತೆವು. ರತ್ನ ಒತ್ತುತ್ತ ಹೋದಳು, ಅಂಕಿ ಏರುತ್ತ ಹೋಯಿತು. ಬೆರಳ ನೆಟಿಕೆ ತೆಗೆದಂತೆ ಸಣ್ಣ ಸದ್ದಾಗಿ ಬ್ಲಾಕು ಸೀಳಿತು. ಮೇಡಂ ಹೇಳಿದ್ದ ಎರಡು ಅಂಕಿಗಳ ನಡುವೆ, ಕೆಳಗಿನದಕ್ಕೆ ತೀರ ಹತ್ತಿರದಲ್ಲಿ. ಲೆಕ್ಕ ಸರಿ ಬಂತೆಂದು ನಾನು ಹಿಗ್ಗಿದೆ. ಮೇಡಂ ಹಿಗ್ಗಲಿಲ್ಲ. "ಕೆಳಗಿನ ಅಂಕಿಗೆ ಇಷ್ಟು ಹತ್ರ ಸೀಳಿದ್ರೆ ನಿದ್ದೆ ಬರಲ್ಲ," ಎಂದು ಪ್ಲಗ್ಗಿನ ದಪ್ಪವನ್ನೇ ಒಂದಿಷ್ಟು ಕಡಿಮೆ ಮಾಡಿಸಿದರು. ಹೊಸ ಪ್ಲಗ್ಗು ಕಡಿಮೆ ಬಲಕ್ಕೇ ಕೂತಿತು. ಒಳಗೆ ಎಣ್ಣೆ ತುಂಬಿ ಒತ್ತಡ ಕೊಟ್ಟರೂ ಜಗ್ಗಲಿಲ್ಲ. ಆ ಬ್ಲಾಕು ಮತ್ತೆಂದೂ ವಾಪಸು ಬರಲಿಲ್ಲ.

ಮೇಡಂಗೆ ಮಾತ್ರ ಪೆಟ್ಟು ಬೀಳದೆ ಇರಲಿಲ್ಲ. ಇನ್ನು ಮುಂದೆ ಅವರೊಬ್ಬರ ಸಹಿ ಸಾಲದು, ಇನ್ನೊಂದು ಬೇಕೆಂದು ಗಿರಾಕಿಯವರು ಹೇಳಿದರು. ನಿವೃತ್ತಿಯ ನಂತರವೂ ಎರಡು ವರ್ಷ ಇರಿ ಎಂದು ಮಾಲೀಕರು ಮೊದಲು ಹೇಳುತ್ತಿದ್ದ ಮಾತು ಮತ್ತೆ ಬರಲಿಲ್ಲ. ಎರಡನೇ ಸಹಿಗೆ ನನ್ನನ್ನು ಹಾಕಿದರು. ನನಗೆ ಮುಜುಗರ. ಮೊದಲ ಸಲ ಅವರ ಲೆಕ್ಕ ನನ್ನ ಮೇಜಿಗೆ ಬಂದಾಗ ಹಾಗೇ ಸಹಿ ಹಾಕಲು ಪೆನ್ನು ತೆಗೆದೆ. ಅವರು ಕಾಗದ ಎಳೆದುಕೊಂಡರು.

"ಮೊದಲಿಂದ ನೀನೇ ಮಾಡು. ನನ್ನ ಉತ್ತರ ನೋಡ್ಬೇಡ. ಬೇರೆ ಬಂದ್ರೆ ಜಗಳ ಆಡೋಣ."

ಒಂದೆರಡು ಸಲ ಬೇರೆ ಬಂತು. ಜಗಳವಾಡಿದೆವು. ಒಂದು ಸಲ ನಾನೇ ಗೆದ್ದೆ. ಅಂದು ಅವರು ಇಡೀ ವಿಭಾಗಕ್ಕೆ ಮಸಾಲೆ ದೋಸೆ ತರಿಸಿದರು. ಏನು ವಿಶೇಷ ಎಂದು ಕೇಳಿದವರಿಗೆಲ್ಲ, "ಇವಳು ನನ್ನ ತಪ್ಪು ಹಿಡಿದ್ಲು," ಎಂದು ಮಗಳ ಫಲಿತಾಂಶ ಹೇಳುವವರ ಹಾಗೆ ಹೇಳಿಕೊಂಡು ಓಡಾಡಿದರು.

ನಿವೃತ್ತರಾದ ಮೇಲೂ ಫೋನು ಮಾಡುತ್ತಿದ್ದರು. ಕೆಲಸದ ಮಾತು ನಾನು ತೆಗೆದರೆ ಮಾತ್ರ. ಉಳಿದಂತೆ ಕ್ರಿಕೆಟ್ಟು, ಮೊಣಕಾಲು, ಗಂಡನ ಅಡುಗೆ. ಗಂಡನ ಹೃದಯದ ಬಗ್ಗೆಯೇ ಅವರಿಗೆ ಚಿಂತೆ, ಅವರ ಮಾತ್ರೆಗಳ ಕಾವಲು ಕಾಯುತ್ತಿದ್ದರು. ಆದರೆ ಹೋದವರು ಇವರು. ಬೆಳಗ್ಗೆ ಪೇಪರು ಓದುತ್ತಿದ್ದವರು ಹಾಗೇ ಒರಗಿದರಂತೆ. ನನಗೆ ಫೋನು ಮಾಡಿ ಹೇಳಿದವಳು ರತ್ನ. ಈಗ ಅವಳು ಪ್ರೆಸ್ ಲೈನಿನ ಸೂಪರ್‌ವೈಸರು.

ಇಬ್ಬರೂ ಜೊತೆಯಲ್ಲಿ ಬಸವೇಶ್ವರನಗರಕ್ಕೆ ಹೋದೆವು. ಅವರ ಗಂಡ ವರಾಂಡದಲ್ಲಿ ಕೂತಿದ್ದರು. ಅಷ್ಟು ವರ್ಷ ಫೋನಿನಲ್ಲಿ ಕೇಳಿದ್ದ ದನಿ ಅಂದು ಬಹಳ ಸಣ್ಣಗಿತ್ತು. "ಊಟಕ್ಕೆ ಯಾರೂ ಇಲ್ಲ ಅಂತ ಸ್ಟೌ ಹಚ್ಚೇ ಇಲ್ಲಮ್ಮ," ಎಂದರು. ರತ್ನ ನನ್ನನ್ನು ಕೇಳಲಿಲ್ಲ, ಅವರನ್ನೂ ಕೇಳಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ ಅವರಿಗೆ ಕಾಫಿ ಮಾಡಿ ತಂದುಕೊಟ್ಟು, ಅವರು ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ನಿಂತಳು.

ಎಲ್ಲ ಮುಗಿದು ಹೊರಡುವಾಗ ಬಿಸಿಲು ಇಳಿದಿತ್ತು. ಮೇನ್ ರೋಡಿನ ಬಸ್ ಸ್ಟಾಪಿನಲ್ಲಿ ಲಗ್ಗೆರೆಯ ಬಸ್ಸಿಗೆ ಕಾಯುತ್ತ ನಿಂತೆವು. ಅವಳು ಅತ್ತಿರಲಿಲ್ಲ, ನಾನು ಅತ್ತು ಮುಗಿಸಿದ್ದೆ. ಏನಾದರೂ ಮಾತಾಡಬೇಕೆಂದು, ಅಂದು ಮೇಡಂ ಜೊತೆ ಅವಳ ಮನೆಗೆ ಹೋಗಿದ್ದಾಗ ನನಗೆ ಅವಳ ಮೇಲೆ ಸಿಟ್ಟು ಬಂದಿತ್ತೆಂದು ಹೇಳಿದೆ.

"ಬಂದಿರುತ್ತೆ ಬಿಡಿ," ಎಂದಳು. "ನಂಗೆ ಅವತ್ತು ಏನು ಮಾಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ. ನಮ್ಮಪ್ಪ ಹೊಡೆದವರು, ನಮ್ಮೆಜಮಾನ್ರು ಬೈದವರು, ಕೆಲಸ ಕೊಟ್ಟವರೂ ಬೈದವರು. ತಪ್ಪು ಯಾರದೇ ಇರ್ಲಿ, ತಪ್ಪಾಯ್ತು ಅಂತ ನನ್ ಹತ್ರ ಯಾರೂ ಅಂದಿರಲಿಲ್ಲ. ಹುಟ್ಟಿದಾಗಿಂದ. ಅವರೊಬ್ರೇ."

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತು, ಸೆರಗಿನಿಂದ ಮುಖವನ್ನು ಪೂರ್ತಿ ಮುಚ್ಚಿಕೊಂಡಳು.